ಎರಡೂ ಸೊನ್ನೆ ಅಂದ್ರೆ ಆಟ ಸುರು ಆಗಿಲ್ಲ

"ವರದಿ ಒಂದೇ ಪುಟ ಇರಲಿ" ಎಂದು ಮುಖ್ಯಸ್ಥರು ಹೇಳಿದಾಗಲೇ ನನಗೆ ಅನುಮಾನ ಬಂತು. ನಮ್ಮ ಕ್ರೀಡಾ ಚಾನೆಲ್ಲಿನಲ್ಲಿ ಒಂದು ಪುಟದ ವರದಿ ಕೇಳುವುದು ತೀರ್ಮಾನ ಆಗಿಹೋಗಿದ್ದಾಗ ಮಾತ್ರ. ಆಗದೇ ಇದ್ದರೆ ಇಪ್ಪತ್ತು ಪುಟ ಬರೆಸುತ್ತಾರೆ, ಯಾರೂ ಓದುವುದಿಲ್ಲ. ಅದು ಶುಕ್ರವಾರ ಮಧ್ಯಾಹ್ನ. ಸ್ಯಾನ್ ಹೋಸೆಯ ಆಫೀಸಿನ ಅರ್ಧ ಜನ ಆಗಲೇ ಮನೆಗೆ ಹೊರಟು ಫ್ರೀವೇ ಹಿಡಿದಿದ್ದರು. ಮುಂದಿನ ಬುಧವಾರ ಮೀಟಿಂಗು. ಮಂಗಳವಾರ ಸಂಜೆ ಬರುವ ಅರ್ಧ ಗಂಟೆಯ ಸಾಕರ್ ಕಾರ್ಯಕ್ರಮವನ್ನು ಇಟ್ಟುಕೊಳ್ಳುವುದೋ ತೆಗೆಯುವುದೋ ಎಂದು ಅಲ್ಲಿ ನಿರ್ಧಾರವಾಗಬೇಕಿತ್ತು. ನಾವು ಊರಲ್ಲಿ ಫುಟ್‌ಬಾಲ್ ಅನ್ನುವುದಕ್ಕೆ ಇಲ್ಲಿ ಸಾಕರ್ ಅನ್ನುತ್ತಾರೆ. ಅದಕ್ಕೆ ಅಂಕಿಅಂಶ ನಾನು ಕೊಡಬೇಕಿತ್ತು.

ನನ್ನ ಕೆಲಸ ಟೀವಿ ಪರದೆಯ ಕೆಳತುದಿಯಲ್ಲಿ ಓಡುವ ಸ್ಕೋರಿನ ಪಟ್ಟಿಯದು. ಅದೇ ಪಟ್ಟಿ ನಮ್ಮ ಆ್ಯಪಿನಲ್ಲೂ ಓಡುತ್ತದೆ. ಅಲ್ಲಿ ಯಾವ ಪಂದ್ಯದ ಮೇಲೆ ಎಷ್ಟು ಜನ ಬೆರಳು ಒತ್ತಿದರು ಎಂಬ ಲೆಕ್ಕ ನಮಗೆ ಸಿಗುತ್ತದೆ. ಜನಕ್ಕೆ ಯಾವ ಆಟ ಬೇಕು, ಯಾವುದು ಬೇಡ ಎಂದು ತಿಳಿಯಲು ನಮ್ಮ ಚಾನೆಲ್ಲು ನೆಚ್ಚಿಕೊಂಡಿರುವುದು ಇದನ್ನೇ. ನಾನು ಸೀಸನ್ನಿನ ಲೆಕ್ಕವನ್ನೆಲ್ಲ ಎಳೆದು ಗ್ರಾಫು ಮಾಡಿದೆ. ಬೇಸ್‌ಬಾಲಿನ ಗೆರೆ ಮೇಲೆ, ಬ್ಯಾಸ್ಕೆಟ್‌ಬಾಲಿನದು ಇನ್ನೂ ಮೇಲೆ. ಸಾಕರಿನ ಗೆರೆ ನೆಲಕ್ಕೆ ಅಂಟಿಕೊಂಡು ಮಲಗಿತ್ತು.

ಮುಖ್ಯಸ್ಥರು ನನ್ನ ಹೆಗಲ ಹಿಂದಿನಿಂದಲೇ ನೋಡಿ, "ಅಂದುಕೊಂಡ ಹಾಗೇ ಇದೆ" ಎಂದರು. "ಇದು ಮಕ್ಕಳ ಆಟ. ಹತ್ತು ವರ್ಷದ ತನಕ ಆಡ್ತಾರೆ, ಆಮೇಲೆ ನಿಜವಾದ ಆಟಕ್ಕೆ ಹೋಗ್ತಾರೆ. ವಿಶ್ವಕಪ್ ಬಂದಾಗ ಒಂದು ತಿಂಗಳು ಎಲ್ಲರೂ ಬಾವುಟ ಹಿಡೀತಾರೆ, ಅಷ್ಟೇ."

ನಮ್ಮಮ್ಮ ನನ್ನನ್ನು ಅನುಮಾನದ ಪ್ರಾಣಿ ಎಂದೇ ಕರೆಯುತ್ತಿದ್ದಳು. ಅಂಗಡಿಯವನು ಚಿಲ್ಲರೆ ಸರಿಯಾಗಿ ಕೊಟ್ಟರೆ ನೋಟು ಖೋಟಾ ಇರಬಹುದೇ ಎಂದು ನೋಡುವ ಪೈಕಿ ನಾನು. ಈ ಆಫೀಸಿನಲ್ಲಿ ಯಾವ ಅಂಕಿಯೂ ಮೊದಲ ಸಲಕ್ಕೇ ಅಂದುಕೊಂಡ ಹಾಗೆ ಬಂದದ್ದನ್ನು ನಾನು ಕಂಡಿಲ್ಲ. ಇದು ಬಂದಿತ್ತು. ಸಾಲದ್ದಕ್ಕೆ ಮುಖ್ಯಸ್ಥರ ಮುಖದಲ್ಲಿ ನಗು ಬೇರೆ.

ಅವರು ಹೋದ ಮೇಲೆ ಸಾಕರ್ ಕಾರ್ಯಕ್ರಮದ ನಿರ್ಮಾಪಕಿ ಬಂದು ನನ್ನ ಮೇಜಿಗೆ ಒರಗಿ ನಿಂತಳು. ಆ ಕಾರ್ಯಕ್ರಮಕ್ಕೆಂದೇ ಕೆಲಸಕ್ಕೆ ತೆಗೆದುಕೊಂಡಿದ್ದ ಒಂದೇ ಒಂದು ಜೀವ ಅವಳು. ಸಂದರ್ಶನ ಮಾಡುವುದು, ಕತ್ತರಿಸಿ ಜೋಡಿಸುವುದು, ಕೆಲವೊಮ್ಮೆ ಕ್ಯಾಮೆರಾ ಹಿಡಿಯುವುದು, ಎಲ್ಲವೂ ಅವಳೇ. ಕಾರ್ಯಕ್ರಮ ಹೋದರೆ ಅವಳ ಒಪ್ಪಂದವೂ ಮುಗಿಯುತ್ತಿತ್ತು. ಇದು ಆಫೀಸಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

"ನನ್ನ ಪಂದ್ಯಗಳು ಪಟ್ಟಿಯಿಂದ ಮಾಯ ಆಗ್ತವೆ ಅಂತ ಮೂರು ಸಲ ಸ್ಪೋರ್ಟ್ಸ್ ಡೆಸ್ಕಿಗೆ ಹೇಳಿದೀನಿ. ಆದ್ಯತೆ ಪ್ರಕಾರ ಬರತ್ತೆ ಅಂತಾರೆ. ನೀನಾದ್ರೂ ಒಂದ್ಸಲ ನೋಡ್ತೀಯಾ?" ಎಂದಳು.

ನನ್ನ ಕಿವಿ ನೆಟ್ಟಗಾಯಿತು. ಪಟ್ಟಿಯಲ್ಲಿ ಯಾವ ಆಟ ಮೇಲೆ, ಯಾವುದು ಕೆಳಗೆ ಎಂಬ ಆದ್ಯತೆಯನ್ನು ಬರೆಯುವವರು ಮುಖ್ಯಸ್ಥರೇ.

*

ಶನಿವಾರ ಮಗಳ ಪಂದ್ಯ ಮಾರ್ಗನ್ ಹಿಲ್‌ನಲ್ಲಿತ್ತು. ಕ್ಯಾಂಪ್‌ಬೆಲ್‌ನಿಂದ ಎಂಟೂವರೆಗೇ ಮನೆ ಬಿಟ್ಟು ಹೊರಟರೂ ಕಾರು ನಿಲ್ಲಿಸಲು ಜಾಗ ಸಿಗಲಿಲ್ಲ. ಒಂದರ ಪಕ್ಕ ಒಂದು ಹತ್ತು ಮೈದಾನ, ಹತ್ತರಲ್ಲೂ ಸಾಕರ್. ಮಡಚುವ ಕುರ್ಚಿ, ಕಿತ್ತಳೆ ಹೋಳು, ಗಂಟಲು ಹರಿಯುವ ಹಾಗೆ ಕೂಗುವ ಅಪ್ಪಂದಿರು. ಈ ಆಟ ಯಾರಿಗೂ ಬೇಡ ಎಂದು ತೋರಿಸುವ ಗ್ರಾಫು ನನ್ನ ಚೀಲದಲ್ಲಿತ್ತು. ನನಗೆ ಕಸಿವಿಸಿಯಾಯಿತು.

ನಮ್ಮ ತಂಡದ ಗೋಲಿ, ಅಂದರೆ ಗೋಲು ಕಾಯುವ ಹುಡುಗಿಯ ಅಪ್ಪ ಹಾಸನದ ಕಡೆಯವರು. ಒಂದು ಕಣ್ಣು ಮಗಳ ಮೇಲೆ, ಇನ್ನೊಂದು ಫೋನಿನ ಮೇಲೆ ಇಟ್ಟುಕೊಂಡು ಕೂತಿದ್ದರು. ಅದೇ ಹೊತ್ತಿಗೆ ಸ್ಯಾನ್ ಹೋಸೆಯ ಹೆಂಗಸರ ಕ್ಲಬ್ಬಿನ ಪಂದ್ಯವೂ ನಡೆಯುತ್ತಿತ್ತು.

"ಏನ್ ಮೇಡಂ, ನಿಮ್ ಆ್ಯಪ್ನಲ್ಲಿ ಈ ಮ್ಯಾಚೇ ಇಲ್ವಲ್ಲಾ?" ಎಂದರು. "ಸುರುವಾಗಿ ಮುಕ್ಕಾಲು ಗಂಟೆ ಆಯ್ತು. ನಾನು ಬೇರೆ ಆ್ಯಪ್ ಹಾಕ್ಕಂಡೆ ನೋಡಿ."

"ಇರತ್ತೆ, ಕೆಳಗೆ ಹೋಗಿರತ್ತೆ ನೋಡಿ."

"ಕೆಳಗೂ ಇಲ್ಲ, ಮೇಲೂ ಇಲ್ಲ. ನೀವೇ ನೋಡಿ ಬೇಕಾದ್ರೆ."

ನಾನು ನನ್ನ ಫೋನು ತೆಗೆದು ಪಟ್ಟಿಯನ್ನು ಕೊನೆಯವರೆಗೆ ಎಳೆದೆ. ನಿಜಕ್ಕೂ ಇರಲಿಲ್ಲ. ಆಮೇಲೆ ಮಗಳ ಆಟ ಬಿಟ್ಟು ಆ ಪಟ್ಟಿಯನ್ನೇ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ಎಷ್ಟೋ ಹೊತ್ತಿನ ಮೇಲೆ ಗೋಲಿಯ ಅಪ್ಪ "ಹೊಡೆದ್ರು!" ಎಂದು ಕುರ್ಚಿಯಿಂದ ಎದ್ದರು. ಅರ್ಧ ನಿಮಿಷದಲ್ಲಿ ನಮ್ಮ ಪಟ್ಟಿಯಲ್ಲೂ ಆ ಪಂದ್ಯ ಕಾಣಿಸಿಕೊಂಡಿತು. ಒಂದು-ಸೊನ್ನೆ, ಎಪ್ಪತ್ತೊಂದನೇ ನಿಮಿಷ. ಅಲ್ಲಿಯವರೆಗಿನ ಎಪ್ಪತ್ತು ನಿಮಿಷ ನಮ್ಮ ಚಾನೆಲ್ಲಿನ ಪಾಲಿಗೆ ಆ ಆಟ ನಡೆದೇ ಇರಲಿಲ್ಲ.

ನನಗೆ ಬಂದದ್ದು ಸಂತೋಷ, ಅದನ್ನು ಮುಚ್ಚಿಡುವುದೇಕೆ? ಮುಖ್ಯಸ್ಥರು ಸಿಕ್ಕಿಬಿದ್ದರು ಎಂದುಕೊಂಡೆ. ಗೋಲು ಬಂದರೆ ಮಾತ್ರ ತೋರಿಸಿ ಎಂದು ಎಲ್ಲೋ ಗುಟ್ಟಾಗಿ ಬರೆಸಿಟ್ಟಿದ್ದಾರೆ. ಸಾಕರ್ ಸುದ್ದಿಗೆ ಮುಂಚೆ ನಮ್ಮ ನಿರೂಪಕ "ಎಚ್ಚರವಾಗಿದ್ದೀರಾ? ಒಂದು ಗೋಲು ಬಂದಿದೆ!" ಎಂದು ಪ್ರತಿ ಸಲ ಹಾಸ್ಯ ಮಾಡುತ್ತಾನಲ್ಲ, ಇದೂ ಅದೇ ಮನಸ್ಸಿನಿಂದ ಬಂದದ್ದು ಎಂದು ನನಗೆ ಖಾತ್ರಿಯಾಯಿತು.

ಮಗಳ ಪಂದ್ಯ ಸೊನ್ನೆ-ಸೊನ್ನೆಯಲ್ಲೇ ಮುಗಿಯಿತು. ಬೆವರಿಳಿಸುತ್ತ ಬಂದವಳನ್ನು "ಯಾರು ಗೆದ್ದದ್ದು?" ಎಂದು ಕೇಳಿದೆ. ಕಣ್ಣು ಮೇಲೆ ಮಾಡಿ, "ನೋಬಡಿ, ಅಮ್ಮ. ಇಟ್ ವಾಸ್ ಅವರ್ ಬೆಸ್ಟ್ ಗೇಮ್. ವರ್ ಯು ಈವನ್ ವಾಚಿಂಗ್?" ಎಂದಳು. ನಾನು ನಾಲಿಗೆ ಕಚ್ಚಿಕೊಂಡೆ.

*

ಸೋಮವಾರ ಬೆಳಿಗ್ಗೆ ಕೂತೆ. ನಮ್ಮ ಪಟ್ಟಿಗೆ ಸ್ಕೋರು ಹೊರಗಿನ ಕಂಪನಿಗಳಿಂದ ಬರುತ್ತದೆ. ಪ್ರತಿ ಪಂದ್ಯಕ್ಕೂ ಒಂದು ಸಾಲು, ಸಾಲಿನಲ್ಲಿ ಖಾನೆಗಳು: ತಂಡ, ಸ್ಕೋರು, ಎಷ್ಟನೇ ಕ್ವಾರ್ಟರು ಅಂದರೆ ಆಟದ ಎಷ್ಟನೇ ಕಾಲುಭಾಗ, ಎಷ್ಟನೇ ನಿಮಿಷ. ಹಳೆಯ ಪಂದ್ಯವೊಂದರ ಸಾಲುಗಳನ್ನು ಉಳಿಸಿಟ್ಟುಕೊಂಡು ಪರೀಕ್ಷೆಯ ಯಂತ್ರದಲ್ಲಿ ಮತ್ತೆ ಓಡಿಸಿದರೆ ಪಟ್ಟಿ ಆ ದಿನ ನಡೆದುಕೊಂಡ ಹಾಗೇ ನಡೆದುಕೊಳ್ಳುತ್ತದೆ.

ಮೊದಲ ಪ್ರಯತ್ನ ನೆಲಕಚ್ಚಿತು. ನಾನು ಓಡಿಸಿದ ಪಂದ್ಯ ಮೊದಲ ನಿಮಿಷದಿಂದ ಕೊನೆಯ ತನಕ ಸರಿಯಾಗಿ ಕಾಣಿಸಿತು. ಒಂದು ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಆ ಪಂದ್ಯದಲ್ಲಿ ಎರಡನೇ ನಿಮಿಷಕ್ಕೇ ಗೋಲು ಬಿದ್ದಿತ್ತು. ಗೋಲು ತಡವಾಗಿ ಬಂದ ಇನ್ನೊಂದು ಪಂದ್ಯ ಹುಡುಕಿ ಓಡಿಸಿದೆ. ಅದು ಮಾಯವಾಯಿತು. ಸರಿ ಎಂದು ಮುಖ್ಯಸ್ಥರ ಆದ್ಯತೆಯ ಕಡತ ತೆರೆದೆ. ಸಾಕರ್ ಎಲ್ಲಕ್ಕಿಂತ ಕೆಳಗಿತ್ತು, ಗಾಲ್ಫಿಗಿಂತ ಕೆಳಗೆ. "ಬನ್ನಿ ಸ್ವಾಮಿ" ಎಂದುಕೊಂಡು ಪರೀಕ್ಷೆಯ ಯಂತ್ರದಲ್ಲಿ ಸಾಕರನ್ನು ಎತ್ತಿ ಎಲ್ಲಕ್ಕಿಂತ ಮೇಲೆ ಕೂರಿಸಿ ಮತ್ತೆ ಓಡಿಸಿದೆ.

ಆಗಲೂ ಮಾಯ.

ನನಗೆ ನಿರಾಸೆಯಾಯಿತು. ಆದ್ಯತೆಯಿಂದ ಪಂದ್ಯ ಕೆಳಗೆ ಹೋಗುತ್ತಿತ್ತೇ ಹೊರತು ಮರೆಯಾಗುತ್ತಿರಲಿಲ್ಲ. ಮರೆ ಮಾಡುವುದು ಬೇರೇನೋ ಇತ್ತು. ಬೇಸ್‌ಬಾಲು ಎಷ್ಟೋ ಸಲ ಗಂಟೆಗಟ್ಟಲೆ ಸೊನ್ನೆ-ಸೊನ್ನೆ ಇರುತ್ತದೆ, ಅದು ಮಾತ್ರ ಮಾಯವಾಗುವುದಿಲ್ಲ. ಯಾಕೆ? ಎರಡೂ ಆಟಗಳ ಸಾಲುಗಳನ್ನು ಅಕ್ಕಪಕ್ಕ ಇಟ್ಟು ಒಂದೊಂದೇ ಖಾನೆ ನೋಡುತ್ತ ಹೋದೆ. ಮಂಗಳವಾರ ಬೆಳಿಗ್ಗೆ ಸಿಕ್ಕಿತು. ಬೇಸ್‌ಬಾಲಿನವರು ಕ್ವಾರ್ಟರಿನ ಖಾನೆಯಲ್ಲಿ ಇನಿಂಗ್ಸ್ ಬರೆಯುತ್ತಾರೆ. ಸಾಕರಿನಲ್ಲಿ ಕ್ವಾರ್ಟರೇ ಇಲ್ಲ. ಹಾಗಾಗಿ ಆ ಕಂಪನಿಯವರು ಖಾನೆಯನ್ನು ಖಾಲಿ ಬಿಟ್ಟು, ನಿಮಿಷ ಮಾತ್ರ ಬರೆಯುತ್ತಾರೆ. ಎರಡು ಸೊನ್ನೆ, ಪಕ್ಕದಲ್ಲಿ ಖಾಲಿ ಖಾನೆ ಕಂಡರೆ ನಮ್ಮ ಪ್ರೋಗ್ರಾಮು ಆ ಸಾಲನ್ನು ಎತ್ತಿ ಬದಿಗಿಡುತ್ತಿತ್ತು. ಮುಂದಿನ ವಾರದ ಪಂದ್ಯಗಳೂ ಹಾಗೇ ಬರುತ್ತವೆ, ಅವು ಈಗಲೇ ಕಾಣಬಾರದೆಂದು ಯಾರೋ ಈ ನಿಯಮ ಹಾಕಿದ್ದರು. ಹೀಗಾಗಿ ಮೊದಲ ಗೋಲಿನ ತನಕ ಸಾಕರ್ ಪಂದ್ಯ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಸೊನ್ನೆ-ಸೊನ್ನೆಯಲ್ಲೇ ಮುಗಿದರೆ ಪಂದ್ಯವೇ ಇಲ್ಲ.

ಆ ನಿಯಮದ ಮೇಲೆ ಟಿಪ್ಪಣಿ ಒಂದಿತ್ತು. ಇಂಗ್ಲಿಷ್ ಅಕ್ಷರ, ಕನ್ನಡ ಮಾತು: ಎರಡೂ ಸೊನ್ನೆ ಅಂದ್ರೆ ಆಟ ಸುರು ಆಗಿಲ್ಲ.

ಕನ್ನಡ! ನಮ್ಮ ವಿಭಾಗದಲ್ಲಿ ಕನ್ನಡದವರು ಇಬ್ಬರೇ. ನಾನು, ಮತ್ತೆ ನನಗಿಂತ ಹದಿನೈದು ವರ್ಷ ದೊಡ್ಡವರಾದ ಒಬ್ಬರು ಸೀನಿಯರ್ ಇಂಜಿನಿಯರು. ಮೈಸೂರಿನವರು, ಮನೆ ಕ್ಯುಪರ್ಟಿನೋದಲ್ಲಿ. ಆಫೀಸೆಲ್ಲ ಅವರನ್ನು ಹೆಸರು ಹಿಡಿದು ಕರೆದರೂ ನನಗೆ ಅವರು ಸರ್. ಪ್ರೋಗ್ರಾಮಿನ ಯಾವ ಸಾಲು ಯಾರದೆಂದು ಪಕ್ಕದಲ್ಲಿ ಹೆಸರು ಬರುತ್ತದೆ, ಈ ಸಾಲಿನ ಪಕ್ಕ ಇದ್ದದ್ದೂ ಅವರದೇ. ಬೆಳಿಗ್ಗೆ ತಾವೇ ಕಾಫಿ ತಂದುಕೊಡುವ ಮನುಷ್ಯ ಹೀಗೆ ಮಾಡುವುದೇ ಎಂದು ನನಗೆ ರೋಷ ಬಂತು. ಮುಖ್ಯಸ್ಥರು ಹೇಳಿದ್ದಕ್ಕೆಲ್ಲ ಸರ್ ತಲೆಯಾಡಿಸುವುದನ್ನು ಬೇರೆ ನೋಡಿದ್ದೆ. ಲ್ಯಾಪ್‌ಟಾಪು ಎತ್ತಿಕೊಂಡು ಸೀದಾ ಅವರ ಮೇಜಿಗೆ ಹೋದೆ.

"ಸರ್, ಇದು ನಿಮ್ದಾ?"

ಸರ್ ಕನ್ನಡಕ ಏರಿಸಿಕೊಂಡು ಓದಿದರು. "ಎರಡು ವರ್ಷದ ಹಿಂದೆ ಇಡೀ ಪ್ರೋಗ್ರಾಮ್ನ ಹೊಸ ಸಿಸ್ಟಮ್ಮಿಗೆ ಎತ್ತಿ ಹಾಕಿದ್ದು ನಾನು ಕಣಮ್ಮ. ಅದಕ್ಕೇ ಎಲ್ಲಾ ಸಾಲಿನ ಪಕ್ಕಾನೂ ನನ್ನ ಹೆಸರು ಬರತ್ತೆ. ಬರೆದಿದ್ದು ನಾನಲ್ಲ."

"ಕನ್ನಡದಲ್ಲಿದೆಯಲ್ಲ ಸರ್. ಇನ್ಯಾರು ಬರೀತಾರೆ?"

ಸರ್ ಇನ್ನೊಂದು ಸಲ ಓದಿದರು. ಅವರ ತುಟಿ ಓರೆಯಾಯಿತು. "ಅಲ್ಲಮ್ಮ, ನಮ್ಮನೇಲಿ ಶುರು ಅಂತೀವಿ. ಸುರು ಅನ್ನೋರು ಯಾರು?"

ನಾನು ಪರದೆ ನೋಡಿದೆ. ಮದ್ದೂರಿನ ಪಕ್ಕದ ನಮ್ಮೂರಿನಲ್ಲಿ ಮಳೆ ಸುರು, ಮದುವೆ ಸುರು, ಜಗಳ ಸುರು. ಇಪ್ಪತ್ತು ವರ್ಷ ಇಂಗ್ಲಿಷಿನಲ್ಲಿ ದುಡಿದರೂ ನನ್ನ ನಾಲಿಗೆಗೆ ಆ ಅಕ್ಷರ ತಿರುಗಿಲ್ಲ. ಬೆರಳಿಗೂ ತಿರುಗಿಲ್ಲ ಎಂದು ಆಗ ಗೊತ್ತಾಯಿತು.

ಒಂದೊಂದಾಗಿ ನೆನಪಾಯಿತು. ಏಳು ವರ್ಷದ ಹಿಂದೆ, ಈ ಕೆಲಸಕ್ಕೆ ಸೇರಿದ ಮೊದಲ ತಿಂಗಳು. ಆಗಿನ್ನೂ ಪಟ್ಟಿಯಲ್ಲಿ ಸಾಕರ್ ಇರಲಿಲ್ಲ, ಅದು ಬಂದದ್ದು ಈ ಸೀಸನ್ನಿಗೆ. ಮುಂದಿನ ಪಂದ್ಯಗಳನ್ನು ಮರೆ ಮಾಡಲು ನಿಯಮ ಬೇಕಿತ್ತು. "ಕ್ವಾರ್ಟರೇ ಇಲ್ಲದ ಆಟ, ಸೊನ್ನೆ-ಸೊನ್ನೆಗೇ ಮುಗಿಯುವ ಆಟ ಏನಾದ್ರೂ ಇದ್ಯಾ?" ಎಂದು ಸ್ಪೋರ್ಟ್ಸ್ ಡೆಸ್ಕಿನಲ್ಲಿ ಕೇಳಿದ್ದೆ. "ಅಂಥಾ ಆಟ ಈ ದೇಶದಲ್ಲಿ ಯಾರೂ ನೋಡಲ್ಲ" ಎಂದು ಅಲ್ಲಿದ್ದವರು ನಕ್ಕಿದ್ದರು. ಕ್ರಿಕೆಟ್ಟು ಬಿಟ್ಟು ಬೇರೆ ಆಟ ಗೊತ್ತಿಲ್ಲದ ನಾನೂ ನಕ್ಕಿದ್ದೆ. ಇಲ್ಲಿಯವಳ ಹಾಗೆ ಕಾಣಬೇಕೆಂಬ ಆಸೆ ಆಗ ಬಹಳ ಇತ್ತು. ಎಲ್ಲದಕ್ಕೂ ಅನುಮಾನ ಪಡುವವಳು ಆ ಒಂದು ಮಾತನ್ನು ಮಾತ್ರ ಕಣ್ಣು ಮುಚ್ಚಿ ನಂಬಿದ್ದೆ.

ಅಂದು ಡೆಸ್ಕಿನಲ್ಲಿದ್ದವರು ಈಗಿನ ಮುಖ್ಯಸ್ಥರು.

"ರಿಪೇರಿ ಮಾಡಿ ಸುಮ್ನಿದ್ಬಿಡು" ಎಂದರು ಸರ್, ದನಿ ಇಳಿಸಿ. "ಮೀಟಿಂಗ್ನಲ್ಲಿ ಬಾಯಿ ಬಿಡ್ಬೇಡ. ಈಗಿನ ಕಾಲ ಗೊತ್ತಲ್ಲ, ಯಾರನ್ನ ಮನೆಗೆ ಕಳಿಸೋಣ ಅಂತ ಕಾಯ್ತಿರ್ತಾರೆ. ಸಾಲಿನ ಪಕ್ಕ ನನ್ನ ಹೆಸರಿದೆ, ಇರ್ಲಿ. ಯಾರೂ ಕೇಳಲ್ಲ."

"ಕೇಳಿದ್ರೆ?"

"ಕೇಳಿದ್ರೆ ನೋಡ್ಕೊಳ್ಳೋಣ."

ಆ ಮಧ್ಯಾಹ್ನ ನಾನು ಮಾಡಿದ್ದು ಅದನ್ನೇ. ನಿಮಿಷದ ಖಾನೆಯನ್ನೂ ನೋಡುವ ಹಾಗೆ ನಿಯಮ ತಿದ್ದಿದೆ. ಪರೀಕ್ಷೆಯ ಯಂತ್ರದಲ್ಲಿ ಹಳೆಯ ಪಂದ್ಯ ಓಡಿಸಿದೆ. ಮೊದಲ ನಿಮಿಷದಿಂದಲೇ ಕಾಣಿಸಿತು, ಸೊನ್ನೆ-ಸೊನ್ನೆ. ಹಳೆಯ ಟಿಪ್ಪಣಿಯನ್ನು ಅಳಿಸಿಬಿಡಲು ಕೈ ಹೋಯಿತು. ಒಂದು ಗುಂಡಿ ಒತ್ತಿದರೆ ಸುರುವೂ ಇಲ್ಲ, ನಾನೂ ಇಲ್ಲ. ಒಂದು ಪುಟದ ವರದಿ ಆಗಲೇ ಅಚ್ಚಾಗಿ ಮೇಜಿನ ಮೇಲಿತ್ತು.

ಅಷ್ಟರಲ್ಲಿ ನಿರ್ಮಾಪಕಿ ಅತ್ತ ಹಾದುಹೋದಳು. ಅಂದಿನ ಸಂಜೆಯ ಕಾರ್ಯಕ್ರಮ ಕೊನೆಯದಿರಬಹುದು ಎಂದು ಕೂದಲು ಒಪ್ಪ ಮಾಡಿಕೊಂಡು ಬಂದಿದ್ದಳು. "ಏನಾದ್ರೂ ಸಿಕ್ತಾ?" ಎಂದು ಕೇಳಿದಳು.

"ಇನ್ನೂ ನೋಡ್ತಿದೀನಿ" ಎಂದೆ.

ಸುಳ್ಳು ಹೇಳಿದೆ. ಅವಳು ಹೋದ ಮೇಲೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ತಪ್ಪು ಮುಖ್ಯಸ್ಥರದಾಗಿದ್ದರೆ ಸೋಮವಾರವೇ ಊರೆಲ್ಲ ಸಾರುತ್ತಿದ್ದೆ. ಸರ್ ಅವರದಾಗಿದ್ದರೂ ಬಿಡುತ್ತಿರಲಿಲ್ಲ, ಲ್ಯಾಪ್‌ಟಾಪು ಹೊತ್ತುಕೊಂಡು ಹೋದವಳಲ್ಲವೇ ನಾನು. ನನ್ನದು ಎಂದಾಗ ಮಾತ್ರ ಬಾಯಿಗೆ ಬೀಗ. ಟಿಪ್ಪಣಿಯನ್ನು ಅಳಿಸದೆ ಹಾಗೇ ಬಿಟ್ಟೆ.

*

ಬುಧವಾರ ಮೀಟಿಂಗಿನಲ್ಲಿ ಮುಖ್ಯಸ್ಥರು ನನ್ನ ಗ್ರಾಫನ್ನು ಗೋಡೆಯ ಮೇಲೆ ಹಾಕಿ, "ಇದಕ್ಕೆ ವಿವರಣೆ ಬೇಕಾಗಿಲ್ಲ" ಎಂದರು. ನಿರ್ಮಾಪಕಿ ತನ್ನ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ ಕೂತಿದ್ದಳು.

"ಬೇಕು" ಎಂದೆ. "ಈ ಗ್ರಾಫು ನಂಬಬೇಡಿ. ಮೊದಲ ಗೋಲು ಬರೋ ತನಕ ನಾವು ಸಾಕರ್ ಪಂದ್ಯವನ್ನ ತೋರಿಸೇ ಇಲ್ಲ. ಅಂಗಡಿ ಬಾಗಿಲು ಹಾಕಿಕೊಂಡು ಗಿರಾಕಿ ಬರಲಿಲ್ಲ ಅಂದ ಹಾಗಾಗಿದೆ." ಎರಡು ಪರದೆಯಲ್ಲಿ ಒಂದೇ ಪಂದ್ಯವನ್ನು ಓಡಿಸಿ ತೋರಿಸಿದೆ, ಒಂದರಲ್ಲಿ ಹಳೆಯ ನಿಯಮ, ಇನ್ನೊಂದರಲ್ಲಿ ಹೊಸದು. ಒಂದು ಪರದೆ ಬಹಳ ಹೊತ್ತು ಖಾಲಿಯಾಗೇ ಇತ್ತು.

"ಈ ನಿಯಮ ಬರೆದಿದ್ದು ಯಾರು?" ಎಂದರು ಮುಖ್ಯಸ್ಥರು.

ಮೂಲೆಯಲ್ಲಿದ್ದ ಸರ್ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಂದರು. ಅವರು ಬಾಯಿ ತೆರೆಯುವ ಮೊದಲೇ "ನಾನು" ಎಂದೆ.

"ಸೊನ್ನೆ-ಸೊನ್ನೆಗೆ ಆಟ ಮುಗಿಯಲ್ಲ ಅಂತ ನಿನಗೆ ಯಾರು ಹೇಳಿದ್ರು?"

"ನೀವು. ಅಂಥಾ ಆಟ ಯಾರೂ ನೋಡಲ್ಲ ಅಂದಿದ್ರಿ. ಇನ್ನೊಬ್ಬರನ್ನ ಕೇಳದೆ ನಂಬಿದ್ದು ನನ್ನ ತಪ್ಪು."

ಅವರು ನನ್ನನ್ನೇ ನೋಡಿದರು. "ನನಗೆ ನೆನಪಿಲ್ಲ" ಎಂದರು. ನಿಜವಾಗಿಯೂ ಮರೆತಿದ್ದರೋ ಏನೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಿರ್ಮಾಪಕಿ ಮೂರು ಸಲ ದೂರು ಕೊಟ್ಟರೂ ಅವರು ಒಮ್ಮೆಯೂ ಯಾಕೆ ನೋಡಿಸಲಿಲ್ಲ ಎಂಬುದಕ್ಕೂ ನನಗೆ ಉತ್ತರ ಸಿಕ್ಕಿಲ್ಲ. ಹಳೆಯ ಲೆಕ್ಕ ಬದಿಗಿಟ್ಟು ಹೊಸ ನಿಯಮದಲ್ಲಿ ನಾಲ್ಕು ವಾರ ನೋಡೋಣ, ಆಮೇಲೆ ಕಾರ್ಯಕ್ರಮದ ಮಾತು ಎಂದು ತೀರ್ಮಾನವಾಯಿತು. ನನ್ನ ಕಡತದಲ್ಲಿ ಒಂದು ಎಚ್ಚರಿಕೆಯ ಪತ್ರವೂ ಸೇರಿತು. ಹೊರಗೆ ಬಂದಾಗ ನಿರ್ಮಾಪಕಿ ನನ್ನ ಜೊತೆ ಮಾತಾಡಲಿಲ್ಲ. ಒಂದು ಸೀಸನ್ನು ಅವಳ ಪಂದ್ಯಗಳನ್ನು ಮರೆ ಮಾಡಿದವಳು ನಾನೇ ತಾನೇ, ಅವಳು ಮಾತಾಡಬೇಕು ಎಂದು ಬಯಸಲು ನನಗೆ ಮುಖವಿರಲಿಲ್ಲ.

ನಾಲ್ಕು ವಾರದಲ್ಲಿ ಸಾಕರಿನ ಗೆರೆ ನೆಲ ಬಿಟ್ಟು ಎದ್ದಿತು, ಆದರೆ ಆಕಾಶಕ್ಕೇನೂ ಹಾರಲಿಲ್ಲ. ತೀರಾ ಇಲ್ಲ ಎನ್ನುವ ಹಾಗೂ ಇಲ್ಲ, ಇದೆ ಎಂದು ಎದೆ ತಟ್ಟಿ ಹೇಳುವ ಹಾಗೂ ಇಲ್ಲ. ಮತ್ತೆ ಮೀಟಿಂಗು ಸೇರಿದೆವು. ಈ ಸಲ ನನ್ನ ವರದಿ ಎಂಟು ಪುಟ. ಮುಖ್ಯಸ್ಥರು ಅದನ್ನು ತೆರೆಯದೆ, ವೀಕ್ಷಕರ ದೂರುಗಳ ಕಟ್ಟಿನಿಂದ ಒಂದು ಹಾಳೆ ಎಳೆದರು.

"ಇದನ್ನ ಕೇಳಿ" ಎಂದು ನಗುತ್ತ ಓದಿದರು. "ನಿಮ್ಮ ಸ್ಕೋರ್ ಪಟ್ಟಿ ಕೆಟ್ಟುಹೋಗಿದೆ. ಸೊನ್ನೆ-ಸೊನ್ನೆ ಎಂದು ತೋರಿಸಿ, ಪಂದ್ಯ ಮುಗಿದಿದೆ ಎನ್ನುತ್ತಿದೆ. ಮೊದಲ ನಿಮಿಷದಿಂದ ನೋಡುತ್ತಾ ಕೂತಿದ್ದೇನೆ. ಗೆದ್ದವರು ಯಾರು ಎಂದು ದಯವಿಟ್ಟು ತಿಳಿಸಿ."

ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ. "ನೋಡಿದ್ರಾ? ನಮ್ಮ ಜನಕ್ಕೆ ಈ ಆಟ ಅರ್ಥಾನೇ ಆಗಲ್ಲ" ಎಂದರು ಮುಖ್ಯಸ್ಥರು.

ನಿರ್ಮಾಪಕಿ ನಗಲಿಲ್ಲ. "ಇನ್ನೊಂದ್ಸಲ ಓದಿ" ಎಂದಳು. "ಎಷ್ಟನೇ ನಿಮಿಷದಿಂದ ನೋಡ್ತಿದ್ರಂತೆ?"

ಮುಖ್ಯಸ್ಥರು ಹಾಳೆಯ ಮೇಲೆ ಕಣ್ಣಾಡಿಸಿದರು. ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟು ನನ್ನ ಎಂಟು ಪುಟ ತೆರೆದರು. ಕಾರ್ಯಕ್ರಮ ಮುಂದಿನ ಸೀಸನ್ನಿಗೂ ಇರಲಿ ಎಂದು ಆವತ್ತು ತೀರ್ಮಾನವಾಯಿತು. ಆ ಹಾಳೆ ಈಗ ನಿರ್ಮಾಪಕಿಯ ಮೇಜಿನ ಹಿಂದಿನ ಗೋಡೆಯ ಮೇಲಿದೆ. ನನ್ನ ಜೊತೆ ಅವಳು ಮತ್ತೆ ಮಾತಾಡುತ್ತಾಳೆ, ಆದರೆ ಶನಿವಾರದ ಪಂದ್ಯಗಳಿರುವಾಗ ಪಟ್ಟಿಯನ್ನು ಒಂದು ಸಲ ತಾನೇ ತೆರೆದು ನೋಡಿಕೊಳ್ಳುತ್ತಾಳೆ. ನೋಡಿಕೊಳ್ಳಲಿ.

ನಿಯಮದ ಮೇಲಿನ ಟಿಪ್ಪಣಿಯನ್ನೂ ಆ ವಾರವೇ ತಿದ್ದಿದೆ: ಎರಡೂ ಸೊನ್ನೆ ಇದ್ರೂ ಆಟ ಸುರು ಆಗಿರಬಹುದು, ನಿಮಿಷ ನೋಡು. ಕಾಫಿ ಹಿಡಿದು ಬಂದ ಸರ್ ನನ್ನ ಹೆಗಲ ಮೇಲಿಂದ ಓದಿದರು.

"ಇನ್ನೂ ಸುರು ಅಂತಾನೇ ಬರ್ದಿದೀಯಲ್ಲಮ್ಮ!"

"ಇರ್ಲಿ ಬಿಡಿ ಸರ್" ಎಂದೆ. "ಬರೆದೋರು ಯಾರು ಅಂತ ಗೊತ್ತಾಗ್ಲಿ."